ಕಾರಿನ ನೋಟ್‌ಬುಕ್: ಯಾವುದು ಸಾಫ್ಟ್‌ವೇರು, ಯಾವುದು ಅಲ್ಲ

"ಸಾಫ್ಟ್‌ವೇರ್ ಇಶ್ಯೂ ಸಾರ್, ಮುಂದಿನ ಅಪ್‌ಡೇಟಲ್ಲಿ ಸರಿಹೋಗತ್ತೆ."

ಎಲೆಕ್ಟ್ರಿಕ್ ಕಾರು ಮನೆಗೆ ಬಂದು ಹದಿನಾರು ತಿಂಗಳಾಯಿತು. ಅಷ್ಟರಲ್ಲಿ ಸರ್ವಿಸ್ ಸೆಂಟರಿನವರ ಬಾಯಲ್ಲಿ ಈ ಮಾತನ್ನು ಐದು ಸಲ ಕೇಳಿದ್ದೇನೆ. ಎರಡು ಸಲ ಅದು ನಿಜವೇ ಆಗಿತ್ತು. ಉಳಿದ ಮೂರು ಸಲ ತೊಂದರೆ ಇದ್ದದ್ದು ಬೇರೆಲ್ಲೋ: ಒಮ್ಮೆ ಬಾನೆಟ್ ಕೆಳಗಿನ ಚಿಕ್ಕ ಬ್ಯಾಟರಿಯಲ್ಲಿ, ಒಮ್ಮೆ ನಮ್ಮ ಕಾಂಪೌಂಡಿನ ಮಣ್ಣಿನಲ್ಲಿ, ಇನ್ನೊಮ್ಮೆ ಚಾರ್ಜಿಂಗ್ ಗನ್ನಿನ, ಅಂದರೆ ಕಾರಿಗೆ ಚುಚ್ಚುವ ಕೇಬಲ್ಲಿನ ಹಿಡಿಯ, ಭಾರದಲ್ಲಿ. ಇವನ್ನು ಬಿಡಿಸಿ ನೋಡಿದ್ದು ಹೇಗೆ ಅಂತ ಬರೆದಿಡುತ್ತಿದ್ದೇನೆ. ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯಲ್ಲೇ ಈಗ ಹಸಿರು ನಂಬರ್ ಪ್ಲೇಟಿನ ಕಾರು ಆರೇಳು ಇವೆ, ಅವರಲ್ಲಿ ಇಬ್ಬರು ಆಗಲೇ ಮನೆಗೆ ಬಂದು ಇದನ್ನೇ ಕೇಳಿಕೊಂಡು ಹೋಗಿದ್ದಾರೆ.

ನನ್ನ ಮುಖ್ಯ ಸಾಮಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಮಗಳ ಹಳೇ ಗಣಿತದ ಪುಸ್ತಕ, ಹಿಂದಿನಿಂದ ಬರೆಯಲು ಶುರುಮಾಡಿದೆ. ಏನಾದರೂ ಎಡವಟ್ಟಾದರೆ ಮೊದಲು ಸ್ಕ್ರೀನಿನ ಫೋಟೋ. ಆಮೇಲೆ ದಿನ, ಗಂಟೆ, ಬ್ಯಾಟರಿ ಎಷ್ಟು ಶೇಕಡ, ಮಳೆಯೋ ಬಿಸಿಲೋ, ಹಿಂದಿನ ಐದು ನಿಮಿಷದಲ್ಲಿ ನಾನು ಏನೇನು ಮುಟ್ಟಿದೆ. ಇಷ್ಟು ಬರೆದ ಮೇಲೇ ರೀಸ್ಟಾರ್ಟ್. ರೀಸ್ಟಾರ್ಟ್ ಮಾಡಿದರೆ ಮುಕ್ಕಾಲು ಪಾಲು ತೊಂದರೆ ಮಾಯವಾಗುತ್ತದೆ, ಜೊತೆಗೆ ಅದರ ಸುಳಿವೂ ಹೋಗುತ್ತದೆ. ಮೊದಲ ಎರಡು ತಿಂಗಳು ನಾನು ಬರೆಯದೆ ಬರೀ ರೀಸ್ಟಾರ್ಟ್ ಮಾಡುತ್ತಿದ್ದೆ. ಆ ಎರಡು ತಿಂಗಳಿನದು ಏನೂ ಕೈಗೆ ಸಿಕ್ಕಿಲ್ಲ.

ನಾಲ್ಕು ದಿನ ನಿಂತ ಕಾರು

ಹಾಸನದ ಹತ್ತಿರ ನೆಂಟರ ಮನೆಯ ಗೃಹಪ್ರವೇಶ. ಎಲ್ಲರೂ ರೈಲಿನಲ್ಲಿ ಹೋಗಿದ್ದೆವು, ಕಾರು ನಾಲ್ಕು ದಿನ ಮನೆ ಮುಂದೆಯೇ ನಿಂತಿತ್ತು. ವಾಪಸು ಬಂದ ಮರುದಿನ ಬೆಳಿಗ್ಗೆ ಮಗಳಿಗೆ ಪರೀಕ್ಷೆ. ಕೀ ಒತ್ತಿದರೆ ಬೀಗದಿಂದ 'ಟಿಕ್' ಅಂತ ಅರ್ಧ ಸದ್ದು ಬಂತು. ಹೇಗೋ ಬಾಗಿಲು ತೆರೆಯಿತು. ಒಳಗೆ ಕೂತರೆ ಸ್ಕ್ರೀನಿನ ಮೇಲೆ ಒಂದರ ಹಿಂದೊಂದು ಎಚ್ಚರಿಕೆ: ಸ್ಟಿಯರಿಂಗ್ ಪರೀಕ್ಷಿಸಿ, ಬ್ರೇಕ್ ಪರೀಕ್ಷಿಸಿ, ಏರ್‌ಬ್ಯಾಗ್ ಪರೀಕ್ಷಿಸಿ, ಹೈ ವೋಲ್ಟೇಜ್ ಸಿಸ್ಟಮ್ ಪರೀಕ್ಷಿಸಿ. ದೊಡ್ಡ ಬ್ಯಾಟರಿ ಮಾತ್ರ ಶೇಕಡ 72 ಅಂತ ತೋರಿಸುತ್ತಿತ್ತು. ಮಗಳು ಆಟೋದಲ್ಲಿ ಹೋದಳು. ಸರ್ವಿಸ್‌ನವರಿಗೆ ಫೋನ್ ಮಾಡಿದರೆ ಮೇಲೆ ಬರೆದ ಅದೇ ಮಾತು, ಜೊತೆಗೆ ಟೋಯಿಂಗ್ ಗಾಡಿ ಕಳಿಸುತ್ತೇವೆ ಅಂದರು.

ಟೋಯಿಂಗ್ ಬರುವ ಮೊದಲು ರಾಜಾಜಿನಗರದ ನಮ್ಮ ಭಾವನಿಗೆ ಫೋನ್ ಮಾಡಿದೆ. ಅವರು ಹಿಂದೆ ರೇವಾ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿದ್ದವರು. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗೆ ಬಂದ ಆ ಪುಟ್ಟ ಕಾರಿನಲ್ಲಿ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಅವಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ ಹಾಕಿ ಭಾವನಿಗೆ ಬ್ಯಾಟರಿಯ ಗುಣ ಚೆನ್ನಾಗಿ ಗೊತ್ತು.

"ಚಿಕ್ಕ ಬ್ಯಾಟರಿ ನೋಡಿದೆಯೇನಪ್ಪಾ?" ಅಂದರು.

"ಇಲ್ಲ ಭಾವ. ದೊಡ್ಡದರಲ್ಲೇ ಎಪ್ಪತ್ತೆರಡು ಇದೆಯಲ್ಲ."

"ದೊಡ್ಡದರಲ್ಲಿ ನೂರು ಇದ್ದರೂ ಅಷ್ಟೇ. ಬಾಗಿಲು ತೆಗೆಯೋದು ಚಿಕ್ಕದು. ಮೀಟರ್ ಇಟ್ಟು ನೋಡು, ಆಮೇಲೆ ಮಾತಾಡು."

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಎರಡು. ಚಕ್ರ ತಿರುಗಿಸುವುದು ಮುನ್ನೂರು, ನಾನೂರು ವೋಲ್ಟಿನ ದೊಡ್ಡದು. ಕಾರು ಆಫ್ ಇದ್ದಾಗ ಅದಕ್ಕೂ ಮಿಕ್ಕ ಕಾರಿಗೂ ಸಂಪರ್ಕವೇ ಇರುವುದಿಲ್ಲ. ನಡುವೆ ಕಾಂಟ್ಯಾಕ್ಟರ್ ಅನ್ನುವ ದಪ್ಪ ಸ್ವಿಚ್ಚುಗಳು ತೆರೆದುಕೊಂಡಿರುತ್ತವೆ. ಆ ಸ್ವಿಚ್ಚು ಎಳೆಯುವುದಕ್ಕೆ, ಬೀಗ ತೆಗೆಯುವುದಕ್ಕೆ, ಸ್ಕ್ರೀನಿಗೆ, ಒಳಗಿನ ಎಲ್ಲ ಕಂಪ್ಯೂಟರುಗಳಿಗೆ ಕರೆಂಟು ಕೊಡುವುದು ಬಾನೆಟ್ ಕೆಳಗಿನ 12 ವೋಲ್ಟಿನ ಬ್ಯಾಟರಿ. ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ. ಅದು ಸೋತರೆ ಕಂಪ್ಯೂಟರುಗಳು ಒಟ್ಟಿಗೆ ಮಲಗುವುದಿಲ್ಲ, ಒಂದೊಂದಾಗಿ ಮಂಕಾಗುತ್ತವೆ. ಎಚ್ಚರ ಇರುವುದು ಮಲಗಿರುವುದನ್ನು ಕರೆದರೆ ಉತ್ತರ ಬರುವುದಿಲ್ಲ, ಅದನ್ನೇ ದೋಷ ಅಂತ ಬರೆದುಕೊಳ್ಳುತ್ತದೆ. ಸ್ಟಿಯರಿಂಗು, ಬ್ರೇಕು, ಏರ್‌ಬ್ಯಾಗು, ಹೈ ವೋಲ್ಟೇಜು, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಎಚ್ಚರಿಕೆ ಒಟ್ಟಿಗೆ ಬಂದದ್ದು ಅದಕ್ಕೇ.

ಮಲ್ಟಿಮೀಟರಿನ ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಇಟ್ಟೆ. 11.4 ವೋಲ್ಟ್. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.6, 12.7 ತೋರಿಸಬೇಕು. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 11.8ಕ್ಕಿಂತ ಕೆಳಗೆ ಬಂದರೆ ಅದರಲ್ಲಿ ಏನೂ ಉಳಿದಿಲ್ಲ ಅಂತಲೇ ಲೆಕ್ಕ. ಟೋಯಿಂಗ್ ಬೇಡ ಅಂದು ಹೇಳಿ, ಪಕ್ಕದ ಮನೆಯವರ ಹತ್ತಿರ ಇದ್ದ 12 ವೋಲ್ಟಿನ ಬ್ಯಾಟರಿ ಚಾರ್ಜರ್ ತಂದು ಮೂರು ಗಂಟೆ ಹಾಕಿಟ್ಟೆ. ಕಾರು ಎದ್ದು ರೆಡಿ ದೀಪ ತೋರಿಸಿತು. ಒಂದು ಎಚ್ಚರಿಕೆಯೂ ಇಲ್ಲ. ಆಗ ಮತ್ತೆ ಮೀಟರ್ ಇಟ್ಟೆ: 14.2. ಅಂದರೆ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ತುಂಬುವ ಡಿಸಿ-ಡಿಸಿ ಕನ್ವರ್ಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಈ ಎರಡು ಅಂಕಿ, ಕಾರು ಮಲಗಿದ್ದಾಗ ಒಂದು, ರೆಡಿಯಲ್ಲಿದ್ದಾಗ ಒಂದು, ಈಗ ನನ್ನ ನೋಟ್‌ಬುಕ್ಕಿನ ಪ್ರತಿ ಪುಟದ ಮೇಲೂ ಇರುತ್ತವೆ.

ಬ್ಯಾಟರಿ ಹಳತಾಗಿದೆ, ಬದಲಾಯಿಸಿ ಅಂತ ಯಾರಾದರೂ ಹೇಳಿಬಿಡಬಹುದಿತ್ತು. ಒಂದು ವರ್ಷವೂ ಆಗದ ಬ್ಯಾಟರಿ ನಾಲ್ಕು ದಿನದಲ್ಲಿ ಖಾಲಿಯಾಗುವುದು ಯಾಕೆ ಅನ್ನುವುದು ನನ್ನ ಪ್ರಶ್ನೆ. ನಿಂತ ಕಾರು ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಅಳೆಯಲು, ವಯರಿನ ಸುತ್ತ ಕಚ್ಚಿಸುವ ಕ್ಲ್ಯಾಂಪ್ ಮೀಟರ್ ಬೇಕು, ಅದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಕೇಳುವಾಗ 'ಡಿಸಿ ಕ್ಲ್ಯಾಂಪ್' ಅಂತ ಬಿಡಿಸಿ ಕೇಳಬೇಕು. ಕಡಿಮೆ ಬೆಲೆಯ ಮೀಟರುಗಳು ಮನೆಯ ಪ್ಲಗ್ಗಿಗೆ ಬರುವ ಎಸಿ ಕರೆಂಟನ್ನು ಮಾತ್ರ ಹಿಡಿಯುತ್ತವೆ, ಬ್ಯಾಟರಿಯ ಡಿಸಿ ಕರೆಂಟು ಹರಿಯುವ ಕಾರಿನ ವಯರಿಗೆ ಹಾಕಿದರೆ ಸೊನ್ನೆಯೇ ಬರುತ್ತದೆ.

ಅಳೆಯುವುದಕ್ಕೂ ಒಂದು ಕ್ರಮ ಇದೆ. ಬಾನೆಟ್ ಎತ್ತಿದ್ದರೆ ಕಾರು ಮಲಗುವುದಿಲ್ಲ. ಹಾಗಾಗಿ ಬಾನೆಟ್ಟಿನ ಬೀಗದ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಮುಚ್ಚಿದೆ ಅಂತ ಕಾರಿಗೆ ಅನ್ನಿಸುವ ಹಾಗೆ ಮಾಡಿದೆ. ಕಾರು ಲಾಕ್ ಮಾಡಿ ಕೀಯನ್ನು ಒಳಗೆ ದೇವರಮನೆಯ ಹತ್ತಿರ ಇಟ್ಟು ಬಂದೆ, ಕೀ ಹತ್ತಿರ ಇದ್ದರೂ ಕಾರು ಎಚ್ಚರವಾಗುತ್ತದೆ. ಮೀಟರನ್ನು ಸೊನ್ನೆಗೆ ತಂದು ಮೈನಸ್ ಕೇಬಲ್ಲಿಗೆ ಕಚ್ಚಿಸಿದೆ. ಮೊದಲು 6 ಆಂಪ್. ಹತ್ತು ನಿಮಿಷಕ್ಕೆ ಒಂದೂವರೆ. ಒಳಗೆ ಒಂದೊಂದೇ ಕಂಪ್ಯೂಟರು ಮಲಗುತ್ತಾ ಹೋದಂತೆ ಅಂಕಿ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ನಲವತ್ತು ನಿಮಿಷವಾದ ಮೇಲೆ 0.34ಕ್ಕೆ ಬಂದು ಅಲ್ಲೇ ನಿಂತಿತು. ಅದು ಜಾಸ್ತಿ. ಫ್ಯೂಸ್ ಬಾಕ್ಸಿನಲ್ಲಿ ಮೊದಲು ಕೈ ಹಾಕಿದ್ದು, ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದ, ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾದ, ಅಂದರೆ ಡ್ಯಾಶ್‌ಕ್ಯಾಮಿನ ಫ್ಯೂಸಿಗೆ. ಕಿತ್ತ ಕೂಡಲೇ 0.03.

0.34ನ್ನು 24 ಗಂಟೆಗೆ ಗುಣಿಸಿದರೆ ದಿನಕ್ಕೆ 8 ಆಂಪ್-ಅವರ್‌ಗಿಂತ ಸ್ವಲ್ಪ ಜಾಸ್ತಿ. ನಾಲ್ಕು ದಿನಕ್ಕೆ ಸುಮಾರು 33. ನಮ್ಮ ಚಿಕ್ಕ ಬ್ಯಾಟರಿ ಒಟ್ಟು ಹಿಡಿಯುವುದು ಅಂತ ಅದರ ಮೇಲೆ ಬರೆದಿರುವುದು 35 ಆಂಪ್-ಅವರ್. ಈ ಗುಣಾಕಾರ ಮಗಳ ಗಣಿತದ ಪುಸ್ತಕದಲ್ಲೇ ಇದೆ.

ಡ್ಯಾಶ್‌ಕ್ಯಾಮಿನ ಪಾರ್ಕಿಂಗ್ ಮೋಡಿಗೆ, ಅಂದರೆ ಕಾರು ನಿಂತಾಗಲೂ ರೆಕಾರ್ಡ್ ಆಗಲಿ ಅಂತ, ಅದನ್ನು ಯಾವಾಗಲೂ ಕರೆಂಟು ಇರುವ ಫ್ಯೂಸಿಗೆ ಸೇರಿಸಿದ್ದರು. ಕಾರು ಆನ್ ಆದಾಗ ಮಾತ್ರ ಬರುವ ಫ್ಯೂಸಿಗೆ ಬದಲಾಯಿಸಿಕೊಂಡೆ. ಕೆಲವು ಕಾರುಗಳು ನಿಂತಿದ್ದಾಗಲೂ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ತಾವೇ ತುಂಬಿಕೊಳ್ಳುತ್ತವೆ, ನಮ್ಮದು ಹಾಗೆ ಮಾಡುವುದಿಲ್ಲ. ಒಮ್ಮೆ ಪೂರ್ತಿ ಬರಿದಾದ ಲೆಡ್ ಆಸಿಡ್ ಬ್ಯಾಟರಿಗೆ ಮೊದಲಿನ ತ್ರಾಣ ಬರಲಿಲ್ಲ, ಆರು ತಿಂಗಳಿಗೆ ಹೊಸದು ಹಾಕಿಸಬೇಕಾಯಿತು.

ಇದನ್ನು ಓದಿ ಬಾನೆಟ್ ಎತ್ತುವವರಿಗೆ ಒಂದೇ ಮಾತು: ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದರ ತಂಟೆಗೆ ಹೋಗಬೇಡಿ. ಅದು ದೊಡ್ಡ ಬ್ಯಾಟರಿಯ ದಾರಿ. ನಾನು ಮಾಡಿದ್ದೆಲ್ಲ 12 ವೋಲ್ಟಿನ ಬದಿಯಲ್ಲಿ ಮಾತ್ರ.

ಬೇಸಿಗೆಯಲ್ಲಿ ಕೈಕೊಟ್ಟ ಚಾರ್ಜಿಂಗು

ಮಾರ್ಚ್ ಕೊನೆ. ಒಂದು ಅಪ್‌ಡೇಟ್ ಬಂತು, ಹಾಕಿಸಿದೆ. ಎರಡು ದಿನ ಬಿಟ್ಟು ರಾತ್ರಿ ಚಾರ್ಜಿಗೆ ಹಾಕಿದ ಕಾರು ಬೆಳಿಗ್ಗೆ ಶೇಕಡ 61ರಲ್ಲೇ ನಿಂತಿತ್ತು, ಚಾರ್ಜರಿನ ಡಬ್ಬಿಯ ಮೇಲೆ ಕೆಂಪು ದೀಪ. ಮಾರನೇ ರಾತ್ರಿಯೂ ಹಾಗೇ. ಅಪ್‌ಡೇಟ್ ಆದ ಮೇಲೆ ಶುರುವಾದದ್ದರಿಂದ ನಾನೂ ಅಪ್‌ಡೇಟನ್ನೇ ದೂರಿದೆ, ಸರ್ವಿಸ್‌ನವರೂ ಹೂಂ ಅಂದರು.

ನೋಟ್‌ಬುಕ್ ತಿರುವಿದಾಗ ಒಂದು ಸಾಲು ಕಣ್ಣಿಗೆ ಬಿತ್ತು. ನಡುವೆ ಒಂದು ಭಾನುವಾರ ಅದೇ ಕಾರನ್ನು ಅದೇ ಚಾರ್ಜರಿನಿಂದ ಭಾವನ ಮನೆಯಲ್ಲಿ ಹಾಕಿದ್ದೆವು, ಶೇಕಡ 40ರಿಂದ ಪೂರ್ತಿ ತುಂಬಿತ್ತು. ಕಾರು ಅದೇ, ಸಾಫ್ಟ್‌ವೇರ್ ಅದೇ, ಚಾರ್ಜರ್ ಅದೇ. ಬೇರೆ ಇದ್ದದ್ದು ಗೋಡೆಯ ಪ್ಲಗ್ಗು ಮಾತ್ರ.

ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಂದು ಪವರ್ ಪ್ಲಗ್ಗಿಗೆ ಮೀಟರ್ ಇಟ್ಟರು. ಕರೆಂಟು ಬರುವ ಫೇಸ್, ವಾಪಸು ಹೋಗುವ ನ್ಯೂಟ್ರಲ್, ಇವೆರಡರ ನಡುವೆ 228, ಸರಿ ಇದೆ. ನ್ಯೂಟ್ರಲ್ಲಿಗೂ ನೆಲಕ್ಕೆ ಹೋಗುವ ಅರ್ಥ್ ವಯರಿಗೂ ನಡುವೆ 27 ವೋಲ್ಟ್. ಅದು ಎರಡು ಮೂರು ವೋಲ್ಟಿನೊಳಗೆ ಇರಬೇಕಾದದ್ದು. ಅವರು ಏನೂ ಹೇಳದೆ ಸಂಪಿನ ಪಕ್ಕ ಹೋಗಿ, ಆ ವಯರು ಮಣ್ಣು ಸೇರುವ ಗುಂಡಿಯ, ಅಂದರೆ ಅರ್ಥ್ ಪಿಟ್ಟಿನ ಕಲ್ಲು ಮುಚ್ಚಳ ಎತ್ತಿದರು. ಒಳಗೆ ಮಣ್ಣು ಬಿರುಕು ಬಿಟ್ಟಿತ್ತು. ತುಕ್ಕು ಹಿಡಿದ ಪೈಪಿನ ಬಾಯಿಯಲ್ಲಿ ಜೇಡದ ಬಲೆ.

"ಇದಕ್ಕೆ ನೀರು ಹಾಕಿ ಎಷ್ಟು ವರ್ಷ ಆಯ್ತು ಸಾರ್?"

ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟರು: "ಇವನ ತಂದೆ ಇದ್ದಾಗ ಅವರು ಪ್ರತಿ ಬೇಸಿಗೆ ಹಾಕ್ತಾ ಇದ್ರಪ್ಪ."

ಮಣ್ಣು ಒಣಗಿದರೆ ಅರ್ಥ್ ಸರಿಯಾಗಿ ಹಿಡಿಯುವುದಿಲ್ಲ, ನಾಲ್ಕು ಬಕೆಟ್ ನೀರು ಸುರಿದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ 27 ಇದ್ದದ್ದು 6ಕ್ಕೆ ಇಳಿದಿತ್ತು. ಆ ರಾತ್ರಿ ಕಾರು ನೂರು ಮುಟ್ಟಿತು. ಅಪ್‌ಡೇಟಿಗೂ ಇದಕ್ಕೂ ಇದ್ದ ಸಂಬಂಧ ಇಷ್ಟೇ: ಎರಡೂ ಮಾರ್ಚಿನಲ್ಲಿ ಬಂದವು.

ಚಾರ್ಜರು ಅರ್ಥಿಂಗ್ ವಿಷಯದಲ್ಲಿ ಇಷ್ಟು ಬಿಗಿ ಯಾಕೆ ಅಂದರೆ, ಕಾರು ನಿಂತಿರುವುದು ನಾಲ್ಕು ರಬ್ಬರ್ ಚಕ್ರದ ಮೇಲೆ. ಒಳಗೆ ಎಲ್ಲಾದರೂ ಕರೆಂಟು ಸೋರಿದರೆ ಕಾರಿನ ಲೋಹದ ಹೊರಮೈಗೆ ಬರುತ್ತದೆ, ನೆಲಕ್ಕೆ ಹೋಗಲು ಅರ್ಥ್ ವಯರೇ ದಾರಿ. ಆ ದಾರಿ ಇಲ್ಲದಿದ್ದರೆ ಬಾಗಿಲು ಮುಟ್ಟಿದವರ ಮೈಯೇ ದಾರಿ. ಚಾರ್ಜರು ಕೆಂಪು ದೀಪ ಹಾಕಿ ನಿಂತು ನಮ್ಮನ್ನು ಕಾಪಾಡುತ್ತಿತ್ತು, ನಾವು ಅದಕ್ಕೇ ಬೈಯುತ್ತಿದ್ದೆವು.

ಆಮೇಲೆ ಹೊಸ ಗುಂಡಿ ತೆಗೆಸಿ ತಾಮ್ರ ಲೇಪಿಸಿದ 10 ಅಡಿ ರಾಡು ಇಳಿಸಿ, ಸುತ್ತ ಅರ್ಥಿಂಗ್ ಪೌಡರ್ ತುಂಬಿಸಿದೆವು. ಈಗ 1.4 ವೋಲ್ಟ್. ಅದೇ ಕೆಲಸದಲ್ಲಿ ಇನ್ನೊಂದು ಬಯಲಾಯಿತು: ಪವರ್ ಪ್ಲಗ್ಗಿನ ಒಳಗೆ ಒಂದು ಸ್ಕ್ರೂ ಸಡಿಲ, ಅದರ ಸುತ್ತ ಪ್ಲಾಸ್ಟಿಕ್ ಕಂದಾಗಿ ಹೋಗಿದೆ. ನಮ್ಮ ಮನೆಯ ಪವರ್ ಪ್ಲಗ್ಗುಗಳು ಗೀಸರಿಗೆ ಅಂತ ಹಾಕಿಸಿದವು. ಗೀಸರು ಇಪ್ಪತ್ತು ನಿಮಿಷ ಉರಿದು ಆಫ್ ಆಗುತ್ತದೆ. ಕಾರು 3.3 ಕಿಲೋವ್ಯಾಟ್ ಎಳೆಯುತ್ತದೆ, ಅಂದರೆ 14 ಆಂಪ್‌ಗಿಂತ ಜಾಸ್ತಿ, ಅದೂ ರಾತ್ರಿಯಿಡೀ ಎಂಟು ಒಂಬತ್ತು ಗಂಟೆ. ಸಡಿಲ ಸ್ಕ್ರೂ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಫ್ಯಾಕ್ಟರಿಗಳಲ್ಲಿ ಹಾಕುವಂಥ ಗಟ್ಟಿ ಸಾಕೆಟ್ಟು, ಅದಕ್ಕೇ ಬೇರೆ ಎಂಸಿಬಿ, ಮೀಟರ್ ಬೋರ್ಡಿನಿಂದ ಬೇರೆ ವಯರು ಎಳೆಸಿದೆ. ಮನೆಗೆ ಎಲೆಕ್ಟ್ರಿಕ್ ಕಾರು ತರುವವರು ಬೇರೆಲ್ಲ ಆಕ್ಸೆಸರಿಗಿಂತ ಮೊದಲು ಇದಕ್ಕೆ ದುಡ್ಡು ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೈಸೂರು ರಸ್ತೆಯ ಗನ್ನು

ರಸ್ತೆ ಬದಿಯ ಫಾಸ್ಟ್ ಚಾರ್ಜರಿನಲ್ಲಿ 'ಸಂಪರ್ಕ ವಿಫಲ' ಅಂತ ಬಂದು ಮೂರು ಸಲ ಪ್ರಯತ್ನಿಸಿ ಬೇಸತ್ತಿದ್ದೆ. ಪಕ್ಕದಲ್ಲಿ ಚಾರ್ಜ್ ಮಾಡುತ್ತಿದ್ದ ಟ್ಯಾಕ್ಸಿ ಡ್ರೈವರ್ ಬಂದು, "ಗನ್ನು ಜೋತು ಬೀಳ್ತಾ ಐತೆ ಸಾರ್, ಸ್ವಲ್ಪ ಎತ್ತಿ ಹಿಡ್ಕಳಿ" ಅಂದರು. ಅಂಗೈಯನ್ನು ಗನ್ನಿನ ಕೆಳಗೆ ಕೊಟ್ಟು ಎತ್ತಿ ಹಿಡಿದೆ. 'ಟಕ್' ಅಂತ ಲಾಕ್ ಬಿತ್ತು, ಚಾರ್ಜಿಂಗ್ ಶುರು. ಸಿಸಿಎಸ್2 ಅನ್ನುವ ಈ ಮಾದರಿಯ ಫಾಸ್ಟ್ ಚಾರ್ಜಿಂಗ್ ಗನ್ನಿನಲ್ಲಿ ಕರೆಂಟು ಹರಿಯುವುದು ಕೆಳಗಿನ ಎರಡು ದಪ್ಪ ಪಿನ್ನುಗಳಲ್ಲಿ, ಕಾರೂ ಚಾರ್ಜರೂ ಮಾತಾಡಿಕೊಳ್ಳುವುದು ಮೇಲಿನ ಸಣ್ಣ ಪಿನ್ನುಗಳಲ್ಲಿ. ಕೇಬಲ್ಲಿನ ಭಾರಕ್ಕೆ ಗನ್ನು ಕೆಳಕ್ಕೆ ಬಾಗಿದರೆ ಆ ಸಣ್ಣ ಪಿನ್ನು ಸರಿಯಾಗಿ ಕೂರುವುದಿಲ್ಲ. ಲಾಕ್ ಬೀಳುವವರೆಗೆ ಹತ್ತು ಸೆಕೆಂಡು ಹಿಡಿದರೆ ಸಾಕು. ಗನ್ನು ಕಾರಿನಿಂದ ಬಿಡದೆ ಸಿಕ್ಕಿಕೊಂಡಾಗಲೂ ಇಂಥದ್ದೇ ಮದ್ದು: ಮೊದಲು ಒಳಕ್ಕೆ ಒತ್ತಿ, ಅನ್‌ಲಾಕ್ ಮಾಡಿ, ಆಮೇಲೆ ಎಳೆಯಿರಿ.

ಹತ್ತೊಂಬತ್ತರಿಂದ ಹನ್ನೊಂದಕ್ಕೆ

ನಾಯಂಡಹಳ್ಳಿ ಹತ್ತಿರ ಒಂದು ಸಂಜೆ, ಬ್ಯಾಟರಿ ಶೇಕಡ 19 ಇದ್ದದ್ದು ನೋಡುತ್ತಿದ್ದಂತೆ 11 ಆಯಿತು. ಮೈಸೂರಿನಿಂದ ವಾಪಸು ಬರುತ್ತಿದ್ದೆವು, ಮನೆ ಇನ್ನೇನು ಐದಾರು ಕಿಲೋಮೀಟರು. ಹೆಂಡತಿ ಎಸಿ ಆಫ್ ಮಾಡಿದಳು, ಯಾರೂ ಮಾತಾಡಲಿಲ್ಲ.

ಮೊದಲು ಏರುದಾರಿಯನ್ನು ಶಂಕಿಸಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಮೈಸೂರು 770ರ ಹತ್ತಿರ. ನಾಲ್ಕು ಜನರ ಸಮೇತ 1800 ಕೆಜಿ ಕಾರನ್ನು 150 ಮೀಟರ್ ಎತ್ತಲು ಬೇಕಾಗುವುದು ಮುಕ್ಕಾಲು ಯೂನಿಟ್ಟಿನಷ್ಟು. ನಮ್ಮ ಬ್ಯಾಟರಿಗೆ ಅದು ಶೇಕಡ ಎರಡರ ಆಸುಪಾಸು. ಅದೂ ದಾರಿಯುದ್ದಕ್ಕೂ ಹಂಚಿಹೋಗುತ್ತದೆ, ಒಂದೇ ಸಲ ಎಂಟು ಬೀಳುವುದಿಲ್ಲ.

ಉತ್ತರ ಸೆಲ್ಲಿನ ಗುಣದಲ್ಲಿತ್ತು. ನಮ್ಮದು ಎಲ್‌ಎಫ್‌ಪಿ, ಲಿಥಿಯಂ ಐರನ್ ಫಾಸ್ಫೇಟ್. ಈ ಸೆಲ್ಲಿನ ವೋಲ್ಟೇಜು ಬಹುಪಾಲು 3.2, 3.3ರಲ್ಲೇ ಸಪಾಟಾಗಿ ಇರುತ್ತದೆ. ಎತ್ತಿ ನೋಡದೆ ಸಿಲಿಂಡರಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಅಂತ ಹೇಳಬೇಕಾದ ಪಾಡು ಕಾರಿನದು. ಹಾಗಾಗಿ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಕೂಡಿ ಕಳೆದು ಲೆಕ್ಕ ಇಡುತ್ತದೆ. ದಿನವೂ ಒಂದಿಷ್ಟು ತಪ್ಪು ಸೇರುತ್ತದೆ. ಪೂರ್ತಿ ತುಂಬಿದಾಗ ವೋಲ್ಟೇಜು ಜಿಗಿಯುತ್ತದೆ, ಆಗ ಲೆಕ್ಕ ತಿದ್ದಿಕೊಳ್ಳಬಹುದು. ಇನ್ನೊಂದು ಕಡೆ, ತಳ ಹತ್ತಿರವಾದಾಗ ವೋಲ್ಟೇಜು ಇಳಿಯತೊಡಗುತ್ತದೆ, ಅಲ್ಲೂ ತಪ್ಪು ಗೊತ್ತಾಗುತ್ತದೆ. ಬ್ಯಾಟರಿ ಬಾಳಿಕೆಗೆ ಒಳ್ಳೆಯದು ಅಂತ ನಾನು ಒಂದೂವರೆ ತಿಂಗಳು 80ಕ್ಕೇ ನಿಲ್ಲಿಸುತ್ತಿದ್ದೆ. ಕಾರಿಗೆ ಲೆಕ್ಕ ತಿದ್ದಿಕೊಳ್ಳಲು ಅವಕಾಶ ಸಿಕ್ಕಿದ್ದು ನಾಯಂಡಹಳ್ಳಿಯಲ್ಲಿ. ವಾರಕ್ಕೊಮ್ಮೆ ಪೂರ್ತಿ ತುಂಬಿಸಿ ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲೇ ಇತ್ತು. ಈಗ ಶನಿವಾರ ರಾತ್ರಿ ನೂರಕ್ಕೆ ಹಾಕಿ, ಚಾರ್ಜರು ತಾನೇ ನಿಲ್ಲಿಸುವವರೆಗೆ ಬಿಡುತ್ತೇವೆ. ಮೊದಲ ಸಲ 99 ಮತ್ತು 100ರ ನಡುವೆಯೇ ಒಂದೂವರೆ ಗಂಟೆ ತೆಗೆದುಕೊಂಡಿತು. ಆಮೇಲೆ ಜಿಗಿತ ಕಂಡಿಲ್ಲ.

ನಿಜವಾದ ಸಾಫ್ಟ್‌ವೇರು

ಇನ್ನು ಆ ಎರಡು. ಒಂದು, ಅಪ್‌ಡೇಟ್ ಆದ ಮೇಲೆ ರೀಜೆನ್, ಅಂದರೆ ಪೆಡಲ್ ಬಿಟ್ಟಾಗ ಮೋಟಾರೇ ಕಾರನ್ನು ನಿಧಾನಿಸಿ ಬ್ಯಾಟರಿಗೆ ತುಂಬುವ ವ್ಯವಸ್ಥೆ, ಅದರ ಮಟ್ಟ ತಾನಾಗಿ ಕಂಪನಿಯ ಮೂಲ ಸೆಟ್ಟಿಂಗಿಗೆ ಹೋಗಿಬಿಟ್ಟಿತ್ತು. ಪೆಡಲ್ ಬಿಟ್ಟರೆ ಕಾರು ಗಟ್ಟಿಯಾಗಿ ನಿಧಾನವಾಗುವುದಕ್ಕೆ ಕಾಲು ಒಗ್ಗಿಹೋಗಿತ್ತು. ಅವತ್ತು ರಾಮಕೃಷ್ಣ ಆಶ್ರಮದ ಸಿಗ್ನಲ್ಲಿನಲ್ಲಿ ಪೆಡಲ್ ಬಿಟ್ಟರೆ ಕಾರು ಹಾಗೇ ಮುಂದೆ ಹೋಯಿತು. ಬ್ರೇಕ್ ಒತ್ತಿದೆ, ಮುಂದಿನ ಸ್ಕೂಟರಿಗೂ ನಮಗೂ ಒಂದು ಮೊಳ ಉಳಿದಿತ್ತು. ನಾನು ಈ ಪಟ್ಟಿಯಲ್ಲಿ ಹೆದರಿದ್ದು ಇದೊಂದಕ್ಕೇ. ಅಂದಿನಿಂದ ಅಪ್‌ಡೇಟ್ ಹಾಕುವ ಮೊದಲು ಸೆಟ್ಟಿಂಗ್ ಪುಟಗಳ ಫೋಟೋ ತೆಗೆದಿಡುತ್ತೇನೆ, ಆದ ಮೇಲೆ ಒಂದೊಂದೂ ತಾಳೆ ನೋಡಿ, ಮನೆ ಹಿಂದಿನ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಅಪ್‌ಡೇಟ್ ಮುಟ್ಟುವುದೇ ಇಲ್ಲ.

 

ಎರಡನೆಯದು ಕಪ್ಪಾಗುವ ರಿವರ್ಸ್ ಕ್ಯಾಮೆರಾ. ನಮ್ಮ ಗೇಟಿನಿಂದ ಹಿಮ್ಮುಖವಾಗಿಯೇ ರಸ್ತೆಗೆ ಬರಬೇಕು, ಅಲ್ಲೇ ಸ್ಕ್ರೀನು ಕಪ್ಪು. ಹದಿನೇಳು ಸಲ ಬರೆದಿಟ್ಟ ಮೇಲೆ ಒಂದು ಸಂಗತಿ ಕಂಡಿತು. ಹದಿನೇಳರಲ್ಲಿ ಹದಿನಾರು ಬೆಳಗಿನ ಮೊದಲ ಸವಾರಿ, ಹದಿನಾರರಲ್ಲೂ ನಾನು ಅವಸರದಲ್ಲಿದ್ದೆ. ಸ್ಕ್ರೀನಿನ ಕಂಪ್ಯೂಟರು ಪೂರ್ತಿ ಏಳುವ ಮೊದಲೇ ರಿವರ್ಸ್ ಗೇರು ಹಾಕಿದರೆ ಕ್ಯಾಮೆರಾ ಸಿಕ್ಕಿಹಾಕಿಕೊಳ್ಳುತ್ತದೆ. ಬೇಕೆಂದೇ ಆರು ಬೆಳಿಗ್ಗೆ ಹಾಗೆ ಮಾಡಿ ನೋಡಿದೆ, ನಾಲ್ಕು ಸಲ ಕಪ್ಪಾಯಿತು. ಸ್ಕ್ರೀನಿನ ಮೂಲೆಯಲ್ಲಿ ಗಡಿಯಾರ ಮೂಡುವವರೆಗೆ ಕಾದು ಗೇರು ಹಾಕಿದ ಆರು ಬೆಳಿಗ್ಗೆ ಒಮ್ಮೆಯೂ ಆಗಲಿಲ್ಲ. ಈ ಲೆಕ್ಕವನ್ನೂ ಫೋಟೋಗಳನ್ನೂ ಸರ್ವಿಸ್‌ನವರಿಗೆ ಕೊಟ್ಟೆ. ಅಲ್ಲಿನ ಹುಡುಗ ಈ ಸಲ ಮಾಮೂಲಿ ಮಾತು ಹೇಳಲಿಲ್ಲ, ನೋಟ್‌ಬುಕ್ಕಿನ ಎರಡು ಪುಟದ ಫೋಟೋ ತೆಗೆದುಕೊಂಡು ಮೇಲಕ್ಕೆ ಕಳಿಸುತ್ತೇನೆ ಅಂದ. ಮುಂದಿನ ಅಪ್‌ಡೇಟಿನಲ್ಲಿ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಹದಿನೇಳರಲ್ಲಿ ಉಳಿದ ಆ ಒಂದು ಮಳೆ ಸುರಿಯುತ್ತಿದ್ದ ಮಧ್ಯಾಹ್ನದ್ದು, ಅದಕ್ಕೆ ಇನ್ನೂ ಕಾರಣ ಸಿಕ್ಕಿಲ್ಲ. ಡಿಕ್ಕಿಯ ಬಾಗಿಲಿನ ಕನೆಕ್ಟರಿಗೆ ನೀರು ಇಳಿಯುತ್ತದೆಯೋ ಅಂತ ನೋಡಲು ಈ ಶನಿವಾರ ಅದರ ಒಳಗಿನ ಪ್ಲಾಸ್ಟಿಕ್ ಬಿಚ್ಚಬೇಕು.

ದೇವಸ್ಥಾನಕ್ಕೆ ಹೋಗುವಾಗ ಅಮ್ಮ ಮುಂದಿನ ಸೀಟಿನಲ್ಲಿ ಕೂತು ಸ್ಕ್ರೀನಿನ ಮೂಲೆಯನ್ನೇ ನೋಡುತ್ತಿರುತ್ತಾರೆ. "ಗಡಿಯಾರ ಬಂತು, ಹೊರಡಪ್ಪ" ಅಂದ ಮೇಲೆ ನಾನು ಗೇರು ಹಾಕುತ್ತೇನೆ.